ಕಟಕ್ ಎಂದದ್ದು ಹರಳೋ ದವಡೆಯೋ

ಊಟದ ಹೊತ್ತಿನಲ್ಲಿ ಕೇಳಿಬರುವ ಸದ್ದುಗಳಲ್ಲಿ ಅತ್ಯಂತ ಸಂಶಯಾಸ್ಪದವಾದದ್ದು ಯಾವುದೆಂದು ನೀವು ಕೇಳಿದರೆ, ಕ್ಷಣವೂ ತಡಮಾಡದೆ ‘ಕಟಕ್’ ಎನ್ನುತ್ತೇನೆ. ಖಡಕ್ ರೊಟ್ಟಿ ಮುರಿಯುವ ಸದ್ದು ಬೇರೆ, ಉಳ್ಳಾಗಡ್ಡಿ ಕಚ್ಚುವ ಸದ್ದು ಬೇರೆ, ಹಲ್ಲಿಗೆ ಕಲ್ಲಿನ ಹರಳು ಸಿಕ್ಕ ಸದ್ದೇ ಬೇರೆ. ಮೂರು ದಶಕ ಗಣಿತ ಕಲಿಸಿ ನಿವೃತ್ತನಾದ ನನಗೆ, ಹಿಂದಿನ ಬೆಂಚಿನಲ್ಲಿ ಶೇಂಗಾ ಒಡೆದರೆ ಕರಿಹಲಗೆಯ ಕಡೆ ಮುಖ ಮಾಡಿಕೊಂಡೇ ಅಪರಾಧಿಯನ್ನು ಹೆಸರು ಹಿಡಿದು ಕರೆಯುವ ಶ್ರವಣಸಾಮರ್ಥ್ಯವಿತ್ತು. ಹೀಗಾಗಿ ಒಂದು ಮಧ್ಯಾಹ್ನ ಸಂಶಿಯ ನಮ್ಮ ಮನೆಯಲ್ಲಿ ನಾನೂ ನನ್ನ ಹೆಂಡತಿ ಸುಶೀಲಾಳೂ ಎದುರುಬದುರು ಕುಳಿತು ಉಣ್ಣುತ್ತಿದ್ದಾಗ ಆಕೆಯ ಕಡೆಯಿಂದ ‘ಕಟಕ್’ ಎಂಬ ಸದ್ದು ಬಂದದ್ದೇ ತಡ, ಹಿಟ್ಟಿನಲ್ಲಿ ಹರಳಿದೆ ಎಂದು ತೀರ್ಪು ಕೊಟ್ಟುಬಿಟ್ಟೆ. ಆಕೆ ಇನ್ನೊಂದು ತುತ್ತು ಮುರಿದುಕೊಂಡಳು.

ನನ್ನ ಸಂಶಯಸ್ವಭಾವದ ಬಗ್ಗೆ ಇಲ್ಲಿಯೇ ಒಂದು ಮಾತು ಹೇಳಿಬಿಡುವುದು ಒಳ್ಳೆಯದು. ಹುಬ್ಬಳ್ಳಿಯಿಂದ ಊರಿಗೆ ಬರುವಾಗ ನಾನು ಬಸ್ಸಿನ ಬೋರ್ಡು ಓದುತ್ತೇನೆ, ಕಂಡಕ್ಟರನನ್ನು ಕೇಳುತ್ತೇನೆ, ಬಾಜೂಕಿನವರನ್ನು ವಿಚಾರಿಸುತ್ತೇನೆ, ಆದರೂ ದಾರಿಯ ಕುಂದಗೋಳ ಕಣ್ಣಿಗೆ ಬೀಳುವ ತನಕ ನಿಶ್ಚಿಂತನಾಗುವುದಿಲ್ಲ. ಕಲ್ಲಂಗಡಿಯನ್ನು ಬಡಿದು, ಮೂಸಿ, ಕೊಯ್ಯಿಸಿ, ಕೊನೆಗೆ ಕೊಯ್ದ ಹೋಳಿನ ಮೇಲೂ ಅನುಮಾನಪಡುತ್ತೇನೆ. ದಡ್ಡ ಹುಡುಗಿ ಲೆಕ್ಕ ಸರಿ ಬಿಡಿಸಿದರೆ ಹುಡುಗಿಯನ್ನೂ, ಜಾಣೆ ತಪ್ಪಿದರೆ ಪ್ರಶ್ನೆಪತ್ರಿಕೆಯನ್ನೂ ಸಂಶಯಿಸುತ್ತಿದ್ದವನು ನಾನು. ಸಂಶಿ ಎಂಬ ಊರಿನ ಹೆಸರಿಗೂ ಮಾಸ್ತರರ ಸಂಶಯದ ಗುಣಕ್ಕೂ ಏನೋ ನಂಟಿದೆಯೆಂದು ನಮ್ಮ ಹೆಡ್‌ಮಾಸ್ತರರು ಚೇಷ್ಟೆ ಮಾಡುತ್ತಿದ್ದರು.

ಮರುದಿನವೇ ಗಿರಣಿಗೆ ಹೋದೆ. ನಮ್ಮ ಜೋಳ ಬೀಸಿಕೊಡುವ ಮಾಬುಸಾಬ ಕಾಕಾ ಹುಬ್ಬಿನ ಮೇಲಿನ ಹಿಟ್ಟನ್ನೂ ಒರೆಸಿಕೊಳ್ಳದೆ ನನ್ನ ಆರೋಪಪಟ್ಟಿಯನ್ನು ಪೂರ್ತಿ ಕೇಳಿಸಿಕೊಂಡರು.

“ಮಾಸ್ತರ್ರ, ಒಂದ ಬುಟ್ಟ್ಯಾಗಿನ ರೊಟ್ಟಿ ಇಬ್ಬರೂ ಉಣ್ತೀರಿ. ಹರಳ ಬರೇ ಅಕ್ಕಾರ ಹಲ್ಲಿಗೇ ಸಿಗತಾವಂದ್ರ, ತಪ್ಪು ನನ್ನ ಗಿರಣ್ಯಾಗ ಐತೇನ್ರಿ?”

ಗಣಿತದ ಮಾಸ್ತರನಿಗೆ ಹೊಳೆಯಬೇಕಾಗಿದ್ದ ತರ್ಕವನ್ನು ಗಿರಣಿಯವರು ಹೇಳಿದರು. ನನಗೆ ಅದು ನುಣುಚಿಕೊಳ್ಳುವ ಮಾತೆಂದು ಕಂಡಿತು. ಜಗಳ ಮಾಡಿಯೇ ಬಂದೆ. ಕೆಲವು ವಾರಗಳಲ್ಲಿ ‘ಕಟಕ್’ ನಿಂತುಹೋಯಿತು. ನನ್ನ ಬೆದರಿಕೆ ಕೆಲಸ ಮಾಡಿತೆಂದು ಓಣಿಯ ತುಂಬ ಹೇಳಿಕೊಂಡು ಅಡ್ಡಾಡಿದೆ.

ಆ ಹೊತ್ತಿಗೆ ಸುಶೀಲಾ ರೊಟ್ಟಿಯನ್ನು ಹಾಲಿನಲ್ಲಿ ನೆನೆಹಾಕಿ ಉಣ್ಣತೊಡಗಿದ್ದಳು. ಕೇಳಿದರೆ ಹಲ್ಲು ಜುಮ್ಮೆನ್ನುತ್ತವೆ ಎಂದಳು. ಬಾಳೆಹಣ್ಣನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ ಬಾಯಿಯ ಮೂಲೆಯಿಂದ ಒಳಗೆ ತಳ್ಳಿಕೊಳ್ಳುವುದನ್ನು ಕಂಡಾಗ ನಾನು ಸಂಶಯಿಸಿದ್ದು ಬಾಳೆಹಣ್ಣನ್ನು, ಕಾಯಿ ಇರಬೇಕೆಂದು. ಒಂದು ಸಂಜೆ ಆಕೆಗೆ ಆಕಳಿಕೆ ಬಂತು, ಅರ್ಧಕ್ಕೇ ನಿಂತಿತು, ಕಣ್ಣಲ್ಲಿ ನೀರು ಬಂತು. ಬಾಯಿ ತೆಗೆ ಎಂದೆ. ಮೂರು ಬೆರಳು ಹಿಡಿಸಬೇಕಾದ ಬಾಯಿಯಲ್ಲಿ ಎರಡು ಬೆರಳು ಕಷ್ಟದಿಂದ ಹೋದವು. ದವಡೆಯ ನೋವು ಶುರುವಾಗಿ ವರ್ಷದ ಮೇಲಾಯಿತಂತೆ. ಜಗತ್ತನ್ನೆಲ್ಲ ತಪಾಸಣೆ ಮಾಡುವವನ ಎದುರಿಗೇ, ಒಂದು ಮೊಳದ ಅಂತರದಲ್ಲಿ, ಇದು ನಡೆದಿತ್ತು.

ಹುಬ್ಬಳ್ಳಿಯ ಡಾಕ್ಟರಬಾಯಿ ದವಡೆಯ ಕೀಲುಗಳ ಶಸ್ತ್ರಚಿಕಿತ್ಸೆಯಲ್ಲಿ ಪರಿಣತರು. ಗುಳಿಗೆ, ಶಾಖ, ಹಲ್ಲಿಗೆ ಹಾಕಿಕೊಳ್ಳುವ ಪಟ್ಟಿ ಎಲ್ಲ ಮಾಡಿಸಿ, ಗುಣ ಕಾಣದಿದ್ದಾಗ ನಮ್ಮನ್ನು ಕೂರಿಸಿಕೊಂಡು ಹೇಳಿದರು: “ಕೀಲಿನ ನಡುವ ಸಣ್ಣ ಗಾದಿ ಇದ್ದಂಗ ಒಂದು ಇರತದ್ರಿ. ಅದು ಮುಂದ ಸರದದ. ಕಟಕ್ ಅನ್ನೂವಾಗ ಹೋಗಿ ಬಂದು ಮಾಡತಿತ್ತು. ಸದ್ದು ನಿಂತಾಗನ ಕೀಲು ಸಿಕ್ಕೊಂಡದ. ಆಪರೇಶನ್ ಮಾಡಿ ಗಾದಿ ಹಿಂದ ಕೂಡಸಬೇಕು.”

ನಾನು ವಿಜಯೋತ್ಸವ ಆಚರಿಸಿದ್ದು ಯಾವುದಕ್ಕೆಂದು ಆಗ ತಿಳಿಯಿತು. ನಾಚಿಕೆಯಾಯಿತು. ಆದರೆ ನಾಚಿಕೆಯಿಂದ ಸಂಶಯ ಕಡಿಮೆಯಾಗುತ್ತದೆ ಎಂದು ನೀವು ಭಾವಿಸಿದ್ದರೆ ನೀವು ನನ್ನ ಜಾತಿಯವರನ್ನು ಹತ್ತಿರದಿಂದ ನೋಡಿಲ್ಲ. ಏಕೆಂದರೆ ಡಾಕ್ಟರಬಾಯಿ ಮುಂದೆ ಕೇಳಿದ ಪ್ರಶ್ನೆಗಳು ಹೀಗಿದ್ದವು: “ಜ್ವಾಳಾ ಎಲ್ಲೆ ಬೀಸಿಸ್ತೀರಿ? ಸಾಣಿಸ್ತೀರೋ ಇಲ್ಲೋ? ಮುಂದಿನ ಸಲ ಒಂದ ಬೊಗಸಿ ಹಿಟ್ಟು ತರ್ರಿ.”

ಹಿಟ್ಟು ಕೇಳುವ ಸರ್ಜನ್ನರನ್ನು ನೀವು ಕಂಡಿದ್ದೀರಾ? ಅವರ ಬೆನ್ನ ಹಿಂದಿನ ಗೋಡೆಯ ಮೇಲೆ ದೇವರ ಪಟವಿರಬೇಕಾದ ಜಾಗದಲ್ಲಿ ಸಮುದ್ರದ ನಡುವಿನ ಒಂದು ದ್ವೀಪದ ಚಿತ್ರವೂ, ಅದರ ಬಾಜೂಕ ಮಣ್ಣುಮೆತ್ತಿದ ಒಂದು ದವಡೆ ಎಲುಬಿನ ಚಿತ್ರವೂ ಇದ್ದವು. ಅವರ ಯಜಮಾನರು ಕಾರವಾರದ ಕಡೆಯ ನಡುಗಡ್ಡೆಯೊಂದರಲ್ಲಿ ಉತ್ಖನನ ಮಾಡುತ್ತಾರಂತೆ. ಅಲ್ಲಿನ ಪುರಾತನರು ಕಲ್ಲಿನಲ್ಲಿ ಅರೆದು ತಿಂದ ಕಾಳಿನ ಜೊತೆ ಕಲ್ಲಿನ ಪುಡಿಯೂ ಬೆರೆತು ಹಲ್ಲು ಸವೆದಿವೆಯಂತೆ. ಹಲ್ಲು ಸವೆದಂತೆ ಕೀಲಿಗೂ ಪೆಟ್ಟಾಗುತ್ತದೆಯೇ ಎಂದು ಆ ಎಲುಬುಗಳನ್ನೂ ನಮ್ಮ ಕರಿಮಣ್ಣಿನ ಎರಿಭೂಮಿಯ ರೊಟ್ಟಿ ತಿನ್ನುವವರನ್ನೂ ಹೋಲಿಸಿ ನೋಡುವುದು ಡಾಕ್ಟರಬಾಯಿಯ ಸಂಶೋಧನೆಯಂತೆ. ಹೆಂಡತಿಗೆ ಬದುಕಿದವರ ದವಡೆ, ಗಂಡನಿಗೆ ಸತ್ತವರ ದವಡೆ! ಅಗದಿ ಅಚ್ಚುಕಟ್ಟಾದ ಸಂಸಾರ ಎಂದುಕೊಂಡೆ. ಆಪರೇಶನ್ನಿನ ಒಪ್ಪಿಗೆಪತ್ರವನ್ನು ಮನೆಗೆ ತಂದು ಕೆಂಪು ಪೆನ್ನು ಹಿಡಿದು ಓದಿದೆ. ತೆಗೆದ ಅಂಶವನ್ನು ಅಧ್ಯಯನಕ್ಕೆ ಬಳಸಬಹುದು ಎಂಬ ಸಾಲಿನ ಕೆಳಗೆ ಎರಡು ಗೆರೆ ಎಳೆದೆ. ಸುಶೀಲಾಳ ದವಡೆ ಆ ದ್ವೀಪದ ಎಲುಬಿನ ಜೊತೆ ಗಾಜಿನ ಪೆಟ್ಟಿಗೆಯಲ್ಲಿ ಕೂಡುವುದು ನನ್ನ ಕಣ್ಣಿಗೆ ಕಟ್ಟಿತು. ಸಹಿ ಹಾಕಲಿಲ್ಲ. ನಾನು ಬೇಡವೆಂದರೂ ಆಕೆ ಮಾತ್ರ ಮುಂದಿನ ಸಲ ತಿಕ್ಕಿ ತೊಳೆದ ಸ್ಟೀಲಿನ ಡಬ್ಬಿಯಲ್ಲಿ ಹಿಟ್ಟು ಒಯ್ದು ಕೊಟ್ಟಳು.

ಯುಗಾದಿಗೆ ಆಗಬೇಕಿದ್ದ ಆಪರೇಶನ್ ದೀಪಾವಳಿ ದಾಟಿದರೂ ಆಗಲಿಲ್ಲ. ಎರಡು ಬೆರಳಿನ ಬಾಯಿ ಒಂದು ಬೆರಳಿಗೆ ಬಂತು. ನನಗೆ ಖಡಕ್ ರೊಟ್ಟಿ ಬಡಿದು ಹಾಕಿ, ತಾನು ಚಮಚೆಯಿಂದ ಅಂಬಲಿ ಕುಡಿಯುತ್ತಿದ್ದಳು. ಸಿಟ್ಟು ಮಾಡದ ಆಕೆ ಒಂದೇ ಸಲ ಹೇಳಿದಳು: “ನಿಮ್ಮ ಸಂಶಯ ಮುಗಿಯೂದ್ರಾಗ ನನ್ನ ಬಾಯಿ ಪೂರಾ ಮುಚ್ಚತದ್ರಿ.”

ಎದೆಗೆ ತಾಗಿತು. ಆದರೂ ಮರುದಿನ ನಾನು ಹತ್ತಿದ್ದು ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗುವ ಬಸ್ಸನ್ನಲ್ಲ, ಕಾರವಾರದ ಬಸ್ಸನ್ನು. ಅಂಥದೊಂದು ದ್ವೀಪ ಇದೆಯೋ ಇಲ್ಲವೋ ಎಂದು ನೋಡಲು! ಬೋರ್ಡು ಓದಿ, ಮೂವರನ್ನು ಕೇಳಿ ಹತ್ತಿದೆ. ದೋಣಿಯಲ್ಲಿ ಕುಳಿತಾಗಲೂ ಎರಡೂ ಕೈಯಿಂದ ಹಲಗೆ ಹಿಡಿದು ದೋಣಿಯನ್ನೇ ಶಂಕಿಸುತ್ತ ಹೋದೆ. ದ್ವೀಪ ಇತ್ತು. ಡಾಕ್ಟರಬಾಯಿಯ ಯಜಮಾನರೂ ಇದ್ದರು, ಕಪ್ಪೆಚಿಪ್ಪಿನ ಗುಡ್ಡೆಯ ನಡುವೆ ಮೊಣಕಾಲೂರಿ, ಸಣ್ಣ ಕುಂಚದಿಂದ ಮಣ್ಣು ಸರಿಸುತ್ತ. ಧಾರವಾಡ ಕಡೆಯವನೆಂದು ಹೇಳಿದ ಕೂಡಲೇ ಚಹಾ ಕೊಟ್ಟು, ಹತ್ತಿಯಲ್ಲಿ ಮಲಗಿಸಿದ್ದ ಒಂದು ದವಡೆಯನ್ನು ತೋರಿಸಿದರು.

“ಹೆಣ್ಣಮಗಳದು ಅನಸತದ್ರಿ. ಎಡಗಡೆ ಕೀಲು ಸವದು ಚಪ್ಪಟ ಆಗೇದ ನೋಡ್ರಿ. ಭಾಳ ವರ್ಷ ಒಂದ ಬಾಜು ಅಷ್ಟ ಅಗದ ತಿಂದಾಳ. ಹಿಂಗಿದ್ದರೂ ಬದುಕ್ಯಾಳಂದ್ರ, ಯಾರರೆ ಆಕಿಗೆ ಮೆತ್ತಗ ಮಾಡಿ ಕೊಟ್ಟಿರಬೇಕು. ಆದ್ರ ಖಾತ್ರಿ ಹೇಳಾಂಗಿಲ್ರಿ. ಇದು ನನ್ನ ಊಹೆ; ನನಗ ನನ್ನ ಊಹೆ ಮ್ಯಾಲೂ ಸಂಶಯ.”

ಅಷ್ಟು ದೂರ ಹೋಗಿ ನಾನು ಕಂಡದ್ದು ನನಗಿಂತ ದೊಡ್ಡ ಸಂಶಯಗಾರರನ್ನು. ಆದರೆ ಅವರ ಸಂಶಯ ಕುಂಚ ಹಿಡಿದು ಕೆಲಸ ಮಾಡುತ್ತಿತ್ತು. ನನ್ನದು ಕೆಂಪು ಪೆನ್ನು ಹಿಡಿದು ಕುಳಿತಿತ್ತು. ಹೆಸರು ಗೊತ್ತಿಲ್ಲದ ಆ ಹೆಣ್ಣಮಗಳಿಗೆ ಯಾರೋ ಮೆತ್ತಗೆ ಮಾಡಿ ಕೊಟ್ಟಿದ್ದರು. ನನ್ನ ಹೆಂಡತಿ ತನ್ನ ಅಂಬಲಿಯನ್ನು ತಾನೇ ಕಾಸಿಕೊಳ್ಳುತ್ತಿದ್ದಳು. ಮರಳಿ ಬರುವಾಗ ದೋಣಿಯಲ್ಲಿ ಅತ್ತೆ; ಉಪ್ಪುಗಾಳಿಗೆ ಕಣ್ಣುರಿ ಎಂದು ಅಂಬಿಗನಿಗೆ ಹೇಳಿದೆ. ಊರು ಮುಟ್ಟಿದವನೇ ಸಹಿ ಹಾಕಿದೆ.

ಆಪರೇಶನ್ ಆದ ಮೇಲೆ ಆಕೆಯನ್ನು ಹೊರಗೆ ತಂದಾಗ ಗದ್ದದ ಕೆಳಗಿನಿಂದ ನೆತ್ತಿಯವರೆಗೆ ಬಿಳಿ ಪಟ್ಟಿ ಕಟ್ಟಿದ್ದರು. ನಮ್ಮಲ್ಲಿ ಹಾಗೆ ದವಡೆ ಕಟ್ಟುವುದು ಯಾವಾಗ ಎಂದು ನಿಮಗೆ ಹೇಳಬೇಕಾಗಿಲ್ಲ. ಉಸಿರಾಡುತ್ತಿದ್ದಾಳೋ ಎಂದು ಆಕೆಯ ಮೂಗಿನ ಬಳಿ ಬೆರಳು ಹಿಡಿದೆ. ಅಷ್ಟರಲ್ಲಿ ಸುಶೀಲಾ ಕಣ್ಣು ತೆರೆದು, ನನ್ನ ಅಂಗಿಯ ತಪ್ಪು ಹಾಕಿದ ಗುಂಡಿಯ ಕಡೆ ಬೆರಳು ಮಾಡಿದಳು. ಆ ಬೆರಳಿನಷ್ಟು ಚೆಂದದ ವಸ್ತುವನ್ನು ನಾನು ಜನ್ಮದಲ್ಲಿ ನೋಡಿಲ್ಲ.

ಮುಂದೆ ತಿಂಗಳುಗಟ್ಟಲೆ ವ್ಯಾಯಾಮ. ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ಸೇರಿಸುವುದು, ವಾರಕ್ಕೊಂದು ಕಡ್ಡಿ ಹೆಚ್ಚಿಸುವುದು. ಅಂಬಲಿ ಕಾಸುವ ಕೆಲಸ ನನ್ನದಾಯಿತು; ಗಂಟು ಗಂಟಾದ ಆ ಅಂಬಲಿಯನ್ನು ಆಕೆ ಸಂಶಯದಿಂದಲೇ ಕುಡಿದಳು.

ತಪಾಸಣೆಗೆ ಹೋದಾಗ ಡಾಕ್ಟರಬಾಯಿ ಚಿಂತೆಯಲ್ಲಿದ್ದರು. ಸಂಶಿ, ಯರಗುಪ್ಪಿ, ದುಮ್ಮವಾಡ, ಎಲ್ಲಿಂದ ಬಂದ ಹಿಟ್ಟನ್ನು ಪರೀಕ್ಷಿಸಿದರೂ ಕಲ್ಲಿನ ಒಂದು ಕಣವೂ ಸಿಗಲಿಲ್ಲವಂತೆ; ಇಷ್ಟು ಶುದ್ಧ ಹಿಟ್ಟು ಲೋಕದಲ್ಲಿ ಇರುವುದು ಸಾಧ್ಯವೇ ಎಂದು ಅವರಿಗೇ ಸಂಶಯ. ಸುಶೀಲಾ ಸೆರಗು ಸರಿಮಾಡಿಕೊಂಡಳು.

“ನಾ ಅರಿವಿ ಹಾಕಿ ಮೂರ ಸಲ ಸಾಣಿಸಿ ಕೊಟ್ಟಿದ್ನೆರಿ. ಎಲ್ಲಾರೂ ಹಂಗ ಮಾಡಿರತಾರ. ಮನಿ ಬಿಟ್ಟು ಹೊರಗ ಹೋಗೂ ಹಿಟ್ಟು, ಹಂಗ ಕೊಡ್ಲಿಕ್ಕೆ ಬರತದೇನ್ರಿ?”

ಒಂದು ಸಂಶೋಧನೆಯನ್ನೇ ಮರ್ಯಾದೆಯಿಂದ ಕೆಡಿಸಿದ ಆ ಎಲ್ಲ ಗೃಹಿಣಿಯರನ್ನು ನೆನೆದು ಡಾಕ್ಟರಬಾಯಿ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಸಾಣಿಸದ ಹಿಟ್ಟು ಕಳಿಸಿಕೊಡಿ ಎಂದು ಕೈಮುಗಿದರು. ಸುಶೀಲಾ ಮನಸ್ಸಿಲ್ಲದ ಮನಸ್ಸಿನಿಂದ, ಮಾಬುಸಾಬ ಕಾಕಾರ ಗಿರಣಿಯಿಂದ ಬಂದ ಹಿಟ್ಟಿನಲ್ಲಿ ಒಂದು ಬೊಗಸೆಯನ್ನು ಹಾಗೆಯೇ ಕಟ್ಟಿ ಕೊಟ್ಟಳು.

ಸಾಣಿಸದೆ ಉಳಿದ ಆ ಹಿಟ್ಟಿನಿಂದಲೇ ಕಳೆದ ವಾರ ರೊಟ್ಟಿ ಮಾಡಿದಳು. ಮಧ್ಯಾಹ್ನ ಎದುರುಬದುರು ಕುಳಿತಿದ್ದೆವು. ಆಕೆಯ ಕಡೆಯಿಂದ ‘ಕಟಕ್’ ಎಂದಿತು.

ನನ್ನ ಕೈಯ ತುತ್ತು ತಾಟಿಗೆ ಬಿತ್ತು. ಆಕೆ ಬಾಯಿಗೆ ಬೆರಳು ಹಾಕಿ, ಎಳ್ಳಿಗಿಂತ ತುಸು ದೊಡ್ಡದಾದ ಒಂದು ಹರಳನ್ನು ತೆಗೆದು ತಾಟಿನ ಅಂಚಿಗಿಟ್ಟಳು. “ಹೋಗ್ರಿ, ಈಗ ಗಿರಣಿಗೆ ಹೋಗಿ ಜಗಳಾ ಮಾಡಿ ಬರ್ರಿ,” ಎಂದು ನಕ್ಕಳು. ಮೂರು ಬೆರಳಗಲ ಬಾಯಿ ತೆರೆದು ನಕ್ಕಳು.

ನಾನು ಏಳಲಿಲ್ಲ. ಆ ಹರಳು ಹಿಟ್ಟಿನದೋ, ನನ್ನನ್ನು ಕಾಡಿಸಲು ಆಕೆಯೇ ಬಾಯಿಗೆ ಹಾಕಿಕೊಂಡದ್ದೋ ಎಂಬ ಸಂಶಯ ನನಗೆ ಇವತ್ತಿಗೂ ಇದೆ. ಕೇಳಿಲ್ಲ.