ಸೋಮವಾರದ ಮಾತ್ರೆ

ಅಕ್ಷತಾ ಓದುತ್ತಿದ್ದುದು ಫಾರ್ಮ್-ಡಿ, ಔಷಧಿಗಳ ಬಗ್ಗೆ ಆರು ವರ್ಷದ ಓದು. ಅದೆಂಥ ಓದು ಅನ್ನೋದು ಕಣಕಟ್ಟೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಬಸ್ ಸ್ಟಾಪಿನ ಎದುರಿಗೆ ಅವಳಪ್ಪ ಮರುಳಪ್ಪನ ಮೆಡಿಕಲ್ ಸ್ಟೋರು. ಮಗಳು ಓದು ಮುಗಿಸಿ ಬಂದು ಅಪ್ಪನ ಜಾಗದಲ್ಲಿ ಕೂರುತ್ತಾಳೆ ಅಂತ ಊರವರು ತೀರ್ಮಾನ ಮಾಡಿಬಿಟ್ಟಿದ್ದರು. ಮಾತ್ರೆ ಕೊಡೋದಕ್ಕೆ ಇಷ್ಟು ವರ್ಷ ಓದಬೇಕೇನು ಅಂತ ಅವಳ ಅವ್ವ ಶಿವಗಂಗಮ್ಮನನ್ನು ಕೇಳಿದವರೂ ಇದ್ದರು.

ಕೊನೆಯ ವರ್ಷ ಬರುವಷ್ಟರಲ್ಲಿ ಆ ಪ್ರಶ್ನೆ ಅಕ್ಷತಾಳನ್ನೂ ಹಿಡಿದುಕೊಂಡಿತು. ಕಾಲೇಜಿನವರು ಅವಳನ್ನು ಅರಸೀಕೆರೆಯ ಒಂದು ಆಸ್ಪತ್ರೆಯ ಜನರಲ್ ವಾರ್ಡಿಗೆ ಹಾಕಿದ್ದರು. ರೋಗಿಗಳು ಮನೆಯಲ್ಲಿ ಏನೇನು ಮಾತ್ರೆ ನುಂಗುತ್ತಿದ್ದರು ಅಂತ ವಿಚಾರಿಸೋದು, ಇಲ್ಲಿ ಕೊಡುತ್ತಿರುವ ಔಷಧಿಗೂ ಅದಕ್ಕೂ ಹೊಂದುತ್ತದೋ ಇಲ್ಲವೋ ನೋಡೋದು, ಏನಾದರೂ ತಪ್ಪು ಕಂಡರೆ ಡಾಕ್ಟರಿಗೆ ಹೇಳೋದು, ಇದು ಅವಳ ಕೆಲಸ. ಹೇಳೋದಕ್ಕೆ ಸುಲಭ. ವಾರ್ಡಿನಲ್ಲಿ ಡಾಕ್ಟರಿಗೆ ಒಂದು ಜಾಗ ಇತ್ತು, ನರ್ಸ್‌ಗಳಿಗೆ ಒಂದು ಮೇಜಿತ್ತು, ಆಯಾಗೂ ಮೂಲೆಯಲ್ಲೊಂದು ಸ್ಟೂಲ್ ಇತ್ತು. ಅಕ್ಷತಾ ಮಾತ್ರ ನಿಂತೇ ಇರಬೇಕು. ಎಲ್ಲಿ ನಿಂತರೂ ಯಾರದೋ ದಾರಿಗೆ ಅಡ್ಡ. ರೋಗಿಗಳು ಅವಳನ್ನು ಒಮ್ಮೆ ಡಾಕ್ಟರಮ್ಮ ಅನ್ನುತ್ತಿದ್ದರು, ಒಮ್ಮೆ ಸಿಸ್ಟರ್ ಅನ್ನುತ್ತಿದ್ದರು. ಎರಡೂ ಅಲ್ಲ ಅಂತ ಮೊದಮೊದಲು ಬಿಡಿಸಿ ಹೇಳುತ್ತಿದ್ದವಳು ಆಮೇಲೆ ಸುಮ್ಮನಾದಳು.

ಡಾಕ್ಟರ್ ಹೇಮಂತ್ ಕೆಟ್ಟವರಲ್ಲ. ಆದರೆ ಬೆಳಗಾದರೆ ಹೊರಗೆ ಜಾತ್ರೆಯಷ್ಟು ಜನ, ಒಳಗೆ ತುಂಬಿದ ವಾರ್ಡು. ಅಕ್ಷತಾ ಏನಾದರೂ ಹೇಳಿದರೆ 'ನೋಡೋಣ' ಅಂದು ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ನೋಡಿದರೋ ಇಲ್ಲವೋ ಅವಳಿಗೆ ತಿಳಿಯುತ್ತಿರಲಿಲ್ಲ. ಸಂಜೆ ಬಾಡಿಗೆ ರೂಮಿಗೆ ಬಂದರೂ ಮನಸ್ಸು ವಾರ್ಡಿನಲ್ಲೇ ಸುತ್ತುತ್ತಿತ್ತು. ಊಟಕ್ಕೆ ಕೂತವಳು ಎದ್ದು ಪುಸ್ತಕ ತೆಗೆಯುತ್ತಿದ್ದಳು, ಪುಸ್ತಕ ಮುಚ್ಚಿ ಕಿಟಕಿಗೆ ಹೋಗುತ್ತಿದ್ದಳು. ಸ್ಟೇಷನ್ನಿನಲ್ಲಿ ರೈಲು ಕೂಗಿದರೆ ಇದನ್ನೆಲ್ಲ ಬಿಟ್ಟು ಎಲ್ಲಿಗಾದರೂ ಹೋಗಿಬಿಡಲೇ ಅನ್ನಿಸುತ್ತಿತ್ತು.

ಕಾರ್ತೀಕ ಮಾಸದಲ್ಲಿ ರುದ್ರಮ್ಮ ವಾರ್ಡಿಗೆ ಬಂದಳು. ಕಣಕಟ್ಟೆಯ ಪಕ್ಕದ ಹಳ್ಳಿಯ, ತೆಂಗಿನ ತೋಟದ ಮನೆಯ ಹೆಂಗಸು, ಅರವತ್ತು ದಾಟಿತ್ತು. ಜೊತೆಗೆ ಮಗ ಚನ್ನೇಶ, ಸೊಸೆ ಶಿಲ್ಪಾ. ಜ್ವರ ಇತ್ತು. ಬಾಯಿ ತುಂಬ ಹುಣ್ಣು. ನೀರು ಕುಡಿದರೂ ಕಣ್ಣಲ್ಲಿ ನೀರು ಬರುತ್ತಿತ್ತು. ರಕ್ತದಲ್ಲಿ ಬಿಳಿ ಕಣ, ಪ್ಲೇಟ್‌ಲೆಟ್ ಎರಡೂ ಇಳಿದಿದ್ದವು. ಸುತ್ತಮುತ್ತ ಡೆಂಗಿ ಇದ್ದ ಕಾಲ. ಪರೀಕ್ಷೆಯಲ್ಲಿ ಡೆಂಗಿ ಇಲ್ಲ ಅಂತ ಬಂದರೂ, ಇನ್ನೊಮ್ಮೆ ಮಾಡಿಸಿ ನೋಡೋಣ ಅಂತ ಹೇಮಂತ್ ಗ್ಲೂಕೋಸ್ ಬಾಟಲಿ ಹಾಕಿಸಿ ಹೊರಗಿನ ಜನರನ್ನು ನೋಡಲು ಹೋದರು.

ಅಕ್ಷತಾಗೆ ಆ ಬಾಯಿ ನೋಡಿ ನೆಮ್ಮದಿ ಹೋಯಿತು. ಡೆಂಗಿಗೆ ಬಾಯಿ ಹೀಗಾಗುತ್ತದೆಯೇ? ವಾರ್ಡಿನ ಆ ತುದಿಗೆ ಹೋದವಳು ತಿರುಗಿ ರುದ್ರಮ್ಮನ ಮಂಚದ ಹತ್ತಿರ ಬಂದು ನಿಂತಳು. ರುದ್ರಮ್ಮ ಕಣ್ಣು ಕಿರಿದು ಮಾಡಿ ಅವಳ ಮುಖ ನೋಡಿದಳು. ಮೆಡಿಕಲ್ ಮರುಳಪ್ಪನ ಮಗಳಲ್ಲವೇ ಅಂತ ತೊದಲುತ್ತ ಕೇಳಿ, ಹೌದು ಅಂದಾಗ ಸೊಸೆಯ ಕಡೆ ತಿರುಗಿ, ನಮ್ಮೋರೇ ಕಣೇ ಅನ್ನುವಂತೆ ತಲೆ ಆಡಿಸಿದಳು.

ಮಾತ್ರೆಗಳ ವಿಚಾರ ಕೇಳಿದ್ದಕ್ಕೆ ಶಿಲ್ಪಾ ಹೇಳಿದಳು: ಬಿಪಿಗೆ ಒಂದು, ಬಹಳ ದಿನದಿಂದ. ಕೀಲು ನೋವಿಗೆ ಅಂತ ಹಾಸನದ ದೊಡ್ಡ ಡಾಕ್ಟರು ಬರೆದುಕೊಟ್ಟ ಹಳದಿ ಮಾತ್ರೆ ಒಂದು, ಅದು ಹೊಸದು. ಅಕ್ಷತಾ ಬರೆದುಕೊಳ್ಳುತ್ತಿದ್ದುದನ್ನು ನಿಲ್ಲಿಸಿದಳು. ಕೀಲು ನೋವಿಗೆ ಕೊಡುವ ಹಳದಿ ಮಾತ್ರೆ ಅಂದರೆ ಮೆಥೋಟ್ರೆಕ್ಸೇಟ್ ಇರಬೇಕು. ವಾರಕ್ಕೆ ಒಂದೇ ದಿನ ನುಂಗಬೇಕಾದದ್ದು. ದಿನಾ ನುಂಗಿದರೆ ವಿಷ.

"ಹಳದಿ ಮಾತ್ರೆ ಯಾವಾಗ ತಗೋತಿದ್ರಿ ಅಮ್ಮ?"

"ದಿನಾ," ಅಂದಳು ರುದ್ರಮ್ಮ. "ಸೋಮವಾರ ಒಂದ್ ಬಿಟ್ಟು."

"ಹಾಗಂತ ಯಾರು ಹೇಳಿದ್ರು?"

"ನಿಮ್ಮಪ್ಪಾರೇ ಹೇಳಿದ್ರಲ್ಲವ್ವ. ಸೋಮವಾರ ಕಣಮ್ಮ, ಮರೀಬ್ಯಾಡ ಅಂದ್ರು. ನಾನು ಸೋಮವಾರ ಒಪ್ಪೊತ್ತು ಇರ್ತೀನಿ. ಅವತ್ತು ಬ್ಯಾಡ ಅಂತ ಜ್ಞಾಪಿಸ್ತಾವ್ರೆ ಅಂದ್ಕೊಂಡೆ."

ಅಷ್ಟು ಮಾತಾಡಿದ್ದಕ್ಕೇ ಅವಳ ತುಟಿಯಲ್ಲಿ ರಕ್ತ ಒಸರಿತು. ಶಿಲ್ಪಾ ಬಟ್ಟೆಯಿಂದ ಒರೆಸಿ, ಮೊದಲನೇ ಸ್ಟ್ರಿಪ್ ಮುಗಿದು ಎರಡನೆಯದೂ ತಂದೆವು, ನೋವು ಒಳ್ಳೇ ಕಡಿಮೆಯಾಗಿತ್ತು ಅಂತ ಸೇರಿಸಿದಳು.

ಅಕ್ಷತಾ ಅಲ್ಲಿಂದ ಹೊರಟಾಗ ನಡೆದಳೋ ಓಡಿದಳೋ ಅವಳಿಗೇ ಗೊತ್ತಿಲ್ಲ. ಡಾಕ್ಟರ ಬಾಗಿಲಲ್ಲಿ ಜನ ಒತ್ತಿ ನಿಂತಿದ್ದರು. ಸಾಲಿನಲ್ಲಿ ಬಾ ಅಂತ ಯಾರೋ ಬೈದರು. ಅಟೆಂಡರ್ ಕೈ ಅಡ್ಡ ಹಿಡಿದ. ಅವಳು ಆ ಕೈ ಸರಿಸಿ ಒಳಗೆ ನುಗ್ಗಿ, ಎದುರಿಗೆ ಕೂತಿದ್ದ ರೋಗಿಯನ್ನೂ ಲೆಕ್ಕಿಸದೆ ಹೇಳಬೇಕಾದ್ದನ್ನು ಹೇಳಿದಳು. ಹೇಮಂತ್ ಈ ಸಲ 'ನೋಡೋಣ' ಅನ್ನಲಿಲ್ಲ. ಸ್ಟೆತಾಸ್ಕೋಪ್ ಕೊರಳಲ್ಲೇ ಇದ್ದ ಹಾಗೆ ಎದ್ದು ವಾರ್ಡಿಗೆ ಬಂದರು. ಶಿಲ್ಪಾಳ ಚೀಲದಲ್ಲಿದ್ದ ಸ್ಟ್ರಿಪ್ ತಿರುಗಿಸಿ ನೋಡಿದರು. ಅದೇ ಮಾತ್ರೆ.

ಹಾಸನಕ್ಕೆ ಕಳಿಸಲೇಬೇಕು, ಆದರೆ ಅಲ್ಲಿ ಹಾಸಿಗೆ ಸಿಗುವಷ್ಟರಲ್ಲಿ ಸಂಜೆಯಾಗುತ್ತದೆ ಅಂದರು. ಈ ಮಾತ್ರೆಯ ವಿಷಕ್ಕೆ ಫೋಲಿನಿಕ್ ಆಸಿಡ್ ಅಂತ ಒಂದು ಇಂಜೆಕ್ಷನ್ ಇದೆ. ಅದು ಸಿಕ್ಕರೆ ಇಲ್ಲೇ ಶುರು ಮಾಡಬಹುದು, ತಡವಾದಷ್ಟೂ ಕಷ್ಟ. ಹೋಗುವ ಮುಂಚೆ, ಹೀಗೆ ಹೇಳಿಕೊಟ್ಟ ಮೆಡಿಕಲ್‌ನವರು ಯಾರು ಅಂತ ಕೇಳಿದರು.

"ಊರ ಕಡೆಯವರು ಸರ್," ಅಂದಳು ಅಕ್ಷತಾ.

ಅಪ್ಪನ ಹೆಸರು ಹೇಳದೆ ಬಿಟ್ಟದ್ದು ಅವಳಿಗೆ ಗೊತ್ತಿತ್ತು. ಆದರೆ ನಿಂತು ಯೋಚಿಸಲು ಪುರುಸೊತ್ತಿರಲಿಲ್ಲ. ಬಿ.ಎಚ್. ರಸ್ತೆಯ ಅಂಗಡಿ ಅಂಗಡಿಗೂ ಹೋಗಿ ಕೇಳಿದಳು. ಕೆಲವರು ಆ ಹೆಸರೇ ಕೇಳಿಲ್ಲ ಅಂದರು, ಕೆಲವರು ನಾಳೆ ತರಿಸ್ತೀವಿ ಅಂದರು. ಕೊನೆಗೆ ರಸ್ತೆ ಬದಿಯಲ್ಲೇ ನಿಂತು ಅಪ್ಪನಿಗೆ ಫೋನ್ ಮಾಡಿದಳು. ಹಾಸನದ ಹೋಲ್‌ಸೇಲ್‌ನವರೆಲ್ಲ ಮರುಳಪ್ಪನಿಗೆ ಪರಿಚಯ.

ಸಿಗುತ್ತೆ, ಕ್ಯಾನ್ಸರ್ ಔಷಧಿ ಇಡೋರ ಹತ್ತಿರ ಇರುತ್ತೆ ಅಂದ ಮರುಳಪ್ಪ. ಆಮೇಲೆ, ಯಾರಿಗಮ್ಮ ಅಂತ ಸಹಜವಾಗಿ ಕೇಳಿದ.

ಅಕ್ಷತಾ ರುದ್ರಮ್ಮನ ಹೆಸರು ಹೇಳಿದಳು. ಏನಾಗಿದೆ ಅಂತಲೂ ಹೇಳಿದಳು. ಅಪ್ಪ ಹೇಳಿದ್ದೇನು, ಆ ಹೆಂಗಸು ತಿಳಿದುಕೊಂಡದ್ದೇನು ಅನ್ನೋದನ್ನು ಲಾರಿಗಳ ಸದ್ದಿನ ನಡುವೆ ಗಟ್ಟಿಯಾಗಿಯೇ ಹೇಳಬೇಕಾಯಿತು.

"ಒಪ್ಪೊತ್ತಿನ ದಿನ ಆದ್ರೆ ಮರೆಯಲ್ಲ ಅಂತ ನಾನೇ ಸೋಮವಾರ ಆರಿಸಿ ಹೇಳ್ದೆ," ಅಂದ ಮರುಳಪ್ಪ. "ಬಸ್ ಬಂದಿತ್ತು, ಅಂಗಡಿ ಮುಂದೆ ಜನ. ಎರಡನೇ ಸ್ಟ್ರಿಪ್ಪೂ ನಾನೇ ಕೊಟ್ಟೆ ಕಣಮ್ಮ. ತಿಂಗಳುಗಟ್ಟಲೆ ಬರಬೇಕಾದ್ದು ಇಷ್ಟು ಬೇಗ ಹೆಂಗೆ ಮುಗೀತು ಅಂತ ಕೇಳಲಿಲ್ಲ."

ಆಮೇಲೆ ಅಪ್ಪನೇ, ಇಂಜೆಕ್ಷನ್ ಬಸ್ಸಿಗೆ ಹಾಕಿಸೋದು ಬೇಡ, ನಾನೇ ಹೋಗಿ ತತ್ತೀನಿ ಅಂದ.

ಆ ಮಧ್ಯಾಹ್ನ ಅವಳಿಗೆ ಒಂದು ಕಡೆ ನಿಲ್ಲಲು ಆಗಲಿಲ್ಲ. ರುದ್ರಮ್ಮನ ಮಂಚದ ಹತ್ತಿರ ಹೋಗುವಳು, ಬಾಟಲಿ ನೋಡುವಳು, ಗೇಟಿಗೆ ಬರುವಳು. ಗೇಟಿನಲ್ಲಿ ನಿಂತರೆ ಡಾಕ್ಟರಿಗೆ ಹೇಳಿದ ಅರೆಬರೆ ಮಾತು ಎದ್ದು ಬರುವುದು. ಸುಳ್ಳೇನೂ ಹೇಳಿರಲಿಲ್ಲ, ನಿಜವನ್ನೂ ಹೇಳಿರಲಿಲ್ಲ. ಹೇಳಿಬಿಡಬೇಕು ಅಂತ ಹೇಮಂತ್ ಬಾಗಿಲ ತನಕ ಹೋಗಿ ಹಿಂದಿರುಗಿದಳು. ಅಪ್ಪನ ಲೈಸೆನ್ಸು, ಊರಿನವರ ಬಾಯಿ, ಅವ್ವನ ಮುಖ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಅಪ್ಪ ಸುಮ್ಮನೆ ಇಂಜೆಕ್ಷನ್ ಕೊಟ್ಟು ಹೋಗಿಬಿಡಲಿ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಅಸಹ್ಯವೂ ಆಯಿತು.

ಮರುಳಪ್ಪ ಐಸ್ ಡಬ್ಬಿ ಎದೆಗೆ ಅವಚಿಕೊಂಡು ಬಂದ. ಅಂಗಡಿಯಲ್ಲಿ ಹಾಕಿದ್ದ ಅಂಗಿಯಲ್ಲೇ ಬಂದಿದ್ದ, ವಿಭೂತಿ ಬೆವರಿಗೆ ಕಲಸಿಹೋಗಿತ್ತು. ನರ್ಸ್ ಡಬ್ಬಿ ಒಳಗೆ ಒಯ್ದರು. ಹೇಮಂತ್ ನಿಂತು ಇಂಜೆಕ್ಷನ್ ಕೊಡಿಸಿದರು. ಚನ್ನೇಶನಿಗೆ ಡಾಕ್ಟರು ಹೇಳಿದ್ದು ಇಷ್ಟೇ: ಮಾತ್ರೆ ಹೆಚ್ಚಾಗಿ ಹೀಗಾಗಿದೆ, ಈ ಔಷಧಿಯಿಂದ ಉಳಿಯುವ ಸಾಧ್ಯತೆ ಇದೆ. ಅವನು ಕಾರಿಡಾರಿನಲ್ಲಿ ಮರುಳಪ್ಪನ ಎರಡೂ ಕೈ ಹಿಡಿದುಕೊಂಡ. ಅಂಗಡಿ ಮುಚ್ಚಿ ಬಂದ್ರಲ್ಲ, ನಮ್ಮವ್ವನ ಪಾಲಿನ ದೇವರು ನೀವು ಅಂದ.

ಅಕ್ಷತಾ ಗೋಡೆಗೆ ಅಂಟಿ ನಿಂತಿದ್ದಳು. ಅಪ್ಪನ ಮುಖ ನೋಡಲು ಅವಳಿಗೆ ಧೈರ್ಯವಿರಲಿಲ್ಲ.

"ಕೈ ಬಿಡಪ್ಪ," ಅಂದ ಮರುಳಪ್ಪ. "ನಿಮ್ಮವ್ವಂಗೆ ಹೀಗಾಗಿದ್ದು ನನ್ನಿಂದ. ಸೋಮವಾರ ಮಾತ್ರ ನುಂಗು ಅಂತ ಬಿಡಿಸಿ ಹೇಳಬೇಕಿತ್ತು. ಸೋಮವಾರ ಅಂದು ಸುಮ್ಮನಾದೆ. ಎರಡನೇ ಸಲ ಬಂದಾಗಲೂ ಕೇಳದೆ ಕೊಟ್ಟೆ."

ಚನ್ನೇಶನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ಕೈ ಎತ್ತಲಿಲ್ಲ, ಬೈಯಲೂ ಇಲ್ಲ. ಹಿಡಿದಿದ್ದ ಕೈಗಳನ್ನು ಬಿಟ್ಟು, ತನ್ನ ಅಂಗೈಗಳನ್ನು ಪಂಚೆಗೆ ಒರೆಸಿಕೊಂಡು ಹೊರಗೆ ಹೋದ. ಮರುಳಪ್ಪ ಅಲ್ಲೇ ಬೆಂಚಿನ ಮೇಲೆ ಕೂತ. ಮಗಳು ನೀರು ತಂದುಕೊಟ್ಟರೆ ಬೇಡವೆಂದ.

ಆಗ ಅಕ್ಷತಾ ನೇರವಾಗಿ ಹೇಮಂತ್ ಹತ್ತಿರ ಹೋಗಿ, ಊರ ಕಡೆಯವರು ಅಂದಿದ್ದೆನಲ್ಲ ಸರ್, ಅವರು ನಮ್ಮ ತಂದೆ ಅಂದಳು. ಹೇಮಂತ್ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. ಬೆಳಗ್ಗೆಯೇ ಹೇಳಬಹುದಿತ್ತು ಅಂದರು. ಆಮೇಲೆ, ಹಾಸನದ ಡಾಕ್ಟರೂ ರುದ್ರಮ್ಮನಿಗೆ ಬಿಡಿಸಿ ಹೇಳಿದ ಹಾಗಿಲ್ಲ, ನಾನೂ ಡೆಂಗಿ ಅಂತಲೇ ಕೂತಿದ್ದೆ, ನಡೆದದ್ದನ್ನು ನಡೆದ ಹಾಗೇ ಕೇಸ್ ಶೀಟಿನಲ್ಲಿ ಬರಿ ಅಂದರು. ಅವಳು ಬರೆದಳು. ಅಪ್ಪನ ಅಂಗಡಿಯ ಹೆಸರನ್ನೂ ಬರೆದಳು.

ರುದ್ರಮ್ಮ ಉಳಿದಳು. ಹಾಸನದ ಆಸ್ಪತ್ರೆಯಲ್ಲಿ ಬಹಳ ದಿನ ಇರಬೇಕಾಯಿತು. ಕೂದಲು ಉದುರಿತು, ಒಮ್ಮೆ ಜ್ವರ ಏರಿ ಐಸಿಯುಗೂ ಹೋದಳು. ಮರುಳಪ್ಪ ಎರಡು ಸಲ ನೋಡಲು ಹೋದ. ಎರಡು ಸಲವೂ ಚನ್ನೇಶ ವಾರ್ಡಿನ ಒಳಗೆ ಬಿಡಲಿಲ್ಲ. ಔಷಧಿ ಇಲಾಖೆಯಿಂದ ಒಬ್ಬರು ಬಂದು ವಿಚಾರಿಸಿ, ಎಚ್ಚರಿಕೆ ಕೊಟ್ಟು ಹೋದರು. ಕಣಕಟ್ಟೆಯಲ್ಲಿ ಕೆಲವರು ಅಂಗಡಿಗೆ ಬರೋದು ಬಿಟ್ಟರು. ಬಂದವರಿಗೂ ಈಗ ಬೇಗ ಬಿಡುಗಡೆ ಇರಲಿಲ್ಲ. ಮಾತ್ರೆ ಹೆಂಗೆ ನುಂಗಬೇಕು ಅಂತ ತಾನು ಹೇಳಿದ್ದನ್ನು ಗಿರಾಕಿ ತಿರುಗಿ ಹೇಳುವ ತನಕ ಮರುಳಪ್ಪ ಕವರು ಕೊಡುತ್ತಿರಲಿಲ್ಲ. ಬಸ್ ಹೋಗ್ತೈತೆ ಕೊಡಪ್ಪ ಅಂತ ಜನ ರೇಗುತ್ತಿದ್ದರು.

ಅಕ್ಷತಾ ಊರಿಗೆ ಹೋದಾಗ ಅಪ್ಪ ಮಗಳು ಈ ವಿಷಯ ಎತ್ತುತ್ತಿರಲಿಲ್ಲ. ಒಂದು ದಿನ ಮಾತ್ರ ಊಟದ ಮಧ್ಯೆ ಮರುಳಪ್ಪ ತಾನಾಗಿಯೇ, ನೀನು ಅಂಗಡಿಗೆ ಬರೋದು ಬೇಡ, ಆಸ್ಪತ್ರೆಯಲ್ಲೇ ಇರು ಅಂದ. ಅದು ಹೆಮ್ಮೆಯೋ, ಬೇಸರವೋ, ಅವಳಿಗೆ ಗೊತ್ತಾಗಲಿಲ್ಲ. ಆಸ್ಪತ್ರೆಯಲ್ಲಿ ತನಗೆ ಕೆಲಸ ಕೊಡುವವರು ಯಾರು ಅನ್ನೋದೂ ಗೊತ್ತಿರಲಿಲ್ಲ. ಪೋಸ್ಟಿಂಗ್ ಬದಲಾಗಿ ಮಕ್ಕಳ ವಾರ್ಡಿಗೆ ಬಂದಿದ್ದಳು. ಅಲ್ಲಿ ಪ್ರತಿ ತಾಯಿಗೂ ಒಂದೇ ವಿಷಯವನ್ನು ಮತ್ತೆ ಮತ್ತೆ ಹೇಳಿ ಬೈಸಿಕೊಳ್ಳುತ್ತಿದ್ದಳು. ಹೇಳಿ ಮುಗಿಸಿ ಬಾಗಿಲ ತನಕ ಹೋದವಳು, ಚಮಚ ಅಂದದ್ದನ್ನು ಆ ತಾಯಿ ಯಾವ ಚಮಚ ಅಂತ ತಿಳಿದುಕೊಂಡಳೋ ಅಂತ ತಿರುಗಿ ಬರುತ್ತಿದ್ದಳು.

ಅವರೆಕಾಯಿ ಕಾಲದಲ್ಲಿ ಶಿಲ್ಪಾಳಿಂದ ಫೋನ್ ಬಂತು. ಅತ್ತೆ ಹಳೇಬೀಡಿನಲ್ಲಿ ಮಗಳ ಮನೆಯಲ್ಲಿದ್ದಾರೆ, ಯಾವ ಮಾತ್ರೆಯನ್ನೂ ಮುಟ್ಟುತ್ತಿಲ್ಲ, ಬಿಪಿ ಏರಿ ತಲೆ ಸುತ್ತಿ ಬಿದ್ದರು. ಗಂಡನಿಗೆ ಗೊತ್ತಾದರೆ ಬೈಯುತ್ತಾರೆ, ಆದರೂ ನೀವೊಮ್ಮೆ ಬಂದು ಹೇಳಿ ಅಂದಳು. ಭಾನುವಾರ ಅಕ್ಷತಾ ಜಾವಗಲ್ ಮೇಲೆ ಹೋಗುವ ಬಸ್ ಹತ್ತಿದಳು. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಜೋಡಿಸಿಕೊಂಡದ್ದೆಲ್ಲ ಹಳೇಬೀಡಿನಲ್ಲಿ ಇಳಿಯುವಷ್ಟರಲ್ಲಿ ಚೆದುರಿಹೋಗಿತ್ತು.

ರುದ್ರಮ್ಮ ಜಗಲಿಯ ಬಿಸಿಲಿನಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದಳು. ತಲೆಗೆ ಸೆರಗು ಸುತ್ತಿದ್ದಳು. ಬೆರಳುಗಳ ಗೆಣ್ಣು ಊದಿ, ಒಂದೊಂದು ಕಾಯಿ ಬಿಡಿಸಲೂ ಹಲ್ಲು ಕಚ್ಚಬೇಕಾಗಿತ್ತು. ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಅಕ್ಷತಾ ಪಕ್ಕದಲ್ಲಿ ಕೂತು ತಾನೂ ಒಂದು ಹಿಡಿ ಕಾಯಿ ತೆಗೆದುಕೊಂಡಳು.

ಬಿಪಿ ಮಾತ್ರೆಯ ವಿಚಾರ ಅವಳು ನಿಧಾನವಾಗಿ ಹೇಳಿದಳು. ರುದ್ರಮ್ಮ ಕೊನೆಯವರೆಗೂ ಕೇಳಿದಳು.

"ಅದನ್ನ ನುಂಗ್ತೀನಿ. ಅದು ನಂಗೆ ಹಳೇದು," ಅಂದಳು. "ಕೀಲು ನೋವಿನದು ಬ್ಯಾಡ. ಸರಿಯಾಗಿ ನುಂಗಿದ್ರೆ ಒಳ್ಳೇದು ಅಂತ ನೀನು ಹೇಳ್ಬೌದು. ದಿಟಾನೂ ಇರ್ಬೌದು. ಆದ್ರೂ ಬ್ಯಾಡ."

ಹಳದಿ ಮಾತ್ರೆ ಬೇಡವಾದರೆ ಬೇರೆ ಔಷಧಿಯೂ ಇದೆ, ಹಾಸನದ ಡಾಕ್ಟರನ್ನು ಕೇಳಬಹುದು ಅಂತ ಅಕ್ಷತಾ ಹೇಳಲು ಹೋದಳು. ರುದ್ರಮ್ಮ ತಲೆ ಅಲ್ಲಾಡಿಸಿದಳು. ಆಮೇಲೆ ಮೊರದ ಕಡೆ ನೋಡುತ್ತಲೇ, ನಿಮ್ಮಪ್ಪ ಹಾಸನದ ಆಸ್ಪತ್ರೆಗೆ ಬಂದು ಬಾಗಿಲಲ್ಲಿ ನಿಂತಿದ್ದನ್ನು ನಾನು ನೋಡಿದೆ ಅಂದಳು. ಚನ್ನೇಶ ತಡೆದ, ನಾನೂ ಕರೀಲಿಲ್ಲ. ಕರೀಬೇಕು ಅನ್ನಿಸಲಿಲ್ಲ ಅವತ್ತು ಅಂತ ಸೇರಿಸಿದಳು.

ಇವತ್ತು ಅನ್ನಿಸುತ್ತದೆಯೇ ಅಂತ ಅಕ್ಷತಾ ಕೇಳಲಿಲ್ಲ. ಒಳಗಿನಿಂದ ಮಗಳು ಬಿಪಿ ಮಾತ್ರೆ, ನೀರು ತಂದಿಟ್ಟಳು. ರುದ್ರಮ್ಮ ಮಾತ್ರೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ ಬಾಯಿಗೆ ಹಾಕಿಕೊಂಡಳು. ಬಿಡಿಸಿದ ಕಾಳು ಇನ್ನೂ ಮೊರದ ತಳ ಮುಚ್ಚಿರಲಿಲ್ಲ. ಇಬ್ಬರೂ ಮತ್ತೆ ಕಾಯಿಗೆ ಕೈ ಹಾಕಿದರು.