ಮುಚ್ಚಳದ ಒಳಗಿನ ತಾರೀಖು

ಬೀದರಿನ ಚೌಬಾರಾದ ಹಿಂದಿನ ಗಲ್ಲಿಯ ಒಂದು ಮನೆಯಲ್ಲಿ ಬೆಳಿಗ್ಗೆ ಆರೂವರೆಗೆ ಒಂದು ಹೇನು ಕಾಣಿಸಿಕೊಳ್ಳುತ್ತದೆ. ಅಂಗೈಯಷ್ಟು ದೊಡ್ಡದು. ಆರು ಕಾಲು, ಒಂದೊಂದು ಕಾಲಿನ ತುದಿಗೂ ಕೊಕ್ಕೆ, ಹೊಟ್ಟೆಯೊಳಗೆ ಕುಡಿದ ರಕ್ತದ ಕಪ್ಪು. ಮೂಡಣ ಕಿಟಕಿಯಿಂದ ಬಂದ ಎಳೆಬಿಸಿಲು ದೊಡ್ಡ ಸ್ಲೇಟಿನಂಥ ಗಾಜಿನ ಹಲಗೆಯೊಂದನ್ನು ಹಾಯ್ದು, ಗೇಣು ದೂರದಲ್ಲಿ ಅಂಟಿಸಿದ ಬಿಳಿ ಹಾಳೆಯ ಮೇಲೆ ಈ ಹೇನನ್ನು ಬಿಡಿಸುತ್ತಿದೆ. ಹಲಗೆಯ ವೈರು ನೆಲದ ಮೇಲಿನ ಹಳೆಯ ಕಂಪ್ಯೂಟರಿಗೆ ಸಿಕ್ಕಿಸಿದೆ. ಅದರ ಮುಂದೆ ಮೊಣಕಾಲೂರಿ ಕೂತವರು ಮುಸರ್ರತ, ವಯಸ್ಸು ನಲವತ್ನಾಲ್ಕು, ರಿಪೇರಿ ಕೆಲಸಕ್ಕೆ ಕೂತು ಇಪ್ಪತ್ತಾರು ವರ್ಷ.

"ಎಡಗಡಿ ಕಾಲ ನೋಡ್ರಿ, ಪೂರಾ ಅದ. ಹ್ವಾದ ತಿಂಗಳ ಇದು ಕುಂಟ ಹೇನ ಇತ್ತು," ಎಂದು ಬೆರಳಿಟ್ಟು ತೋರಿಸುತ್ತಾರೆ. ಆಗ ಗಾಜಿನ ಎಡಭಾಗದಲ್ಲಿ ಮೇಲಿನಿಂದ ಕೆಳಗೆ ಏಳು ಗೆರೆಗಳೇ ಇರಲಿಲ್ಲವಂತೆ.

ಗಾಜಿನ ಈ ಹಲಗೆಯ ಹೆಸರು ಪ್ರೊಜೆಕ್ಷನ್ ಪ್ಯಾನೆಲ್. ಈಗಿನ ಮಕ್ಕಳು ನೋಡಿರಲಿಕ್ಕಿಲ್ಲ. ಶಾಲೆ, ಕಾಲೇಜುಗಳಲ್ಲಿ ಮೊದಲು ಓವರ್‌ಹೆಡ್ ಪ್ರೊಜೆಕ್ಟರ್ ಎಂಬ ಪೆಟ್ಟಿಗೆ ಇರುತ್ತಿತ್ತು. ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟರೆ ಕೆಳಗಿನ ದೀಪ ಅದರಲ್ಲಿ ಬರೆದದ್ದನ್ನು ಗೋಡೆಗೆ ಎಸೆಯುತ್ತಿತ್ತು. ಹಾಳೆಯ ಬದಲು ಈ ಹಲಗೆ ಇಟ್ಟು ಕಂಪ್ಯೂಟರಿಗೆ ಜೋಡಿಸಿದರೆ ಕಂಪ್ಯೂಟರಿನ ಚಿತ್ರವೇ ಗೋಡೆ ತುಂಬ. ಹೊಸ ಪ್ರೊಜೆಕ್ಟರುಗಳು ಬಂದಮೇಲೆ ಇಂಥವು ಗುಜರಿ ಸೇರಿದವು. ಇದೂ ಭಾಲ್ಕಿಯ ಗುಜರಿ ಅಂಗಡಿಯಲ್ಲಿ ಕುಕ್ಕರಿನ ರಾಶಿಯ ಕೆಳಗೆ ಸಿಕ್ಕಿದ್ದು. ಸಿಕ್ಕಿದ್ದು ಸುಶೀಲಕುಮಾರ ಎಂಬ ವಿಜ್ಞಾನ ಮಾಸ್ತರರಿಗೆ. ಅವರು ಪಾಠ ಹೇಳುವ ಔರಾದಿನ ಶಾಲೆಯಲ್ಲಿ ಹಳೆಯ ಪ್ರೊಜೆಕ್ಟರ್ ಪೆಟ್ಟಿಗೆಯೊಂದು ಮೊದಲೇ ಇತ್ತು, ದೀಪ ಸಮೇತ.

ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಆ ಶಾಲೆಯಲ್ಲಿ ಈ ಹಲಗೆಗೆ ಪರೀಕ್ಷೆ. ಶಾಲೆಯಲ್ಲಿ ಕಿಟಕಿಗೆ ಕರಿ ಬಟ್ಟೆ ಹೊಡೆದ ಒಂದು ಕೋಣೆ ಇದೆ, ಮಕ್ಕಳ ಬಾಯಲ್ಲಿ ಅದು ‘ಕತ್ತಲ ಖೋಲಿ’. ವರಾಂಡದಲ್ಲಿ ಬಿಸಿಯೂಟದ ಅಕ್ಕಿ ಚೀಲಗಳಿಗೆ ಇರಚಲು ಹೊಡೆಯುತ್ತಿದೆ, ಇಲಿ ಕಾಟ ಬೇರೆ. ಮುಖ್ಯ ಶಿಕ್ಷಕಿ ಕಸ್ತೂರಿಬಾಯಿ ಅವರದು ಖಡಕ್ ಮಾತು: ಒಂದು ಪಿರಿಯಡ್, ಅಂದರೆ ನಲವತ್ತು ನಿಮಿಷ, ಚಿತ್ರ ನಿಂತರೆ ಖೋಲಿ ಚಿತ್ರಕ್ಕೆ, ಇಲ್ಲದಿದ್ದರೆ ಅಕ್ಕಿಗೆ. ಹೋದ ಸಲ ಚಿತ್ರ ನಿಂತಿದ್ದು ಹನ್ನೆರಡೇ ನಿಮಿಷ.

"ಅದು ನನ್ನ ತಪ್ಪರಿ," ಎನ್ನುತ್ತಾರೆ ಮುಸರ್ರತ, ಚಹಾದ ಬಸಿ ನಮ್ಮ ಕೈಗಿಡುತ್ತ. "ಮಾಸ್ತರರದು ಜರಾ ಅದ. ಆದ್ರ ಮೊದಲ ನಂದು."

ಆ ತಪ್ಪಿನ ಕತೆಗೆ ಮೊದಲು ಮಂಚದ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿರುವ ಹಿರಿಯರ ಬಗ್ಗೆ ಹೇಳಬೇಕು. ಅವರು ನಿಜಾಮೋದ್ದೀನ, ಮುಸರ್ರತ ಅವರ ತಂದೆ. ರೇಡಿಯೊ ಕಾಲದಿಂದ ಟಿ.ವಿ. ಕಾಲದವರೆಗೆ ಇದೇ ಗಲ್ಲಿಯ ಬಾಯಿಗೆ ಅಂಗಡಿ ಇಟ್ಟವರು. ಕೈ ನಡುಗಲು ಶುರುವಾಗಿ ಬೆಸುಗೆ ಹಾಕಲಾಗದೆ ಹೋದಾಗ ಮಗಳಿಗೆ ಹದಿನೆಂಟು. "ನಾ ಹೇಳ್ತಿದ್ದೆ, ಆಕಿ ಹಚ್ಚತಿದ್ದಳು," ಎನ್ನುತ್ತಾರೆ. "ಒಂದ ವರ್ಷಕ್ಕ ಆಕಿ ಹೇಳಾಕಿ ಆದಳು, ನಾ ಕೇಳಾವ ಆದೆ."

ಅಂಗಡಿಗೆ ಬಂದ ಗಿರಾಕಿಗಳು ಹುಡುಗಿಯನ್ನು ನೋಡಿ ಟಿ.ವಿ. ಹೊತ್ತುಕೊಂಡು ವಾಪಸು ಹೋದದ್ದೂ ಉಂಟು. ಮುಸರ್ರತ ಅದಕ್ಕೊಂದು ಉಪಾಯ ಮಾಡಿದರು. ತಂದೆಯನ್ನು ಎದುರಿಗೆ ಕೂರಿಸಿ, ತಾವು ಪರದೆಯ ಹಿಂದೆ ಕೂತು ಕೆಲಸ ಮಾಡಿದರು. "ಐದ ವರ್ಷ ಮಂದಿ ಅಬ್ಬಾನ ಕೈಗುಣ ಹೊಗಳ್ಯಾರ್ರಿ! ಅಬ್ಬಾ ಮುಸಿ ಮುಸಿ ನಗತಿದ್ರು. ಒಂದಿನ ಖಟಕ ಚಿಂಚೋಳಿಯ ಒಬ್ಬ ಮುದುಕ ಬಂದು, ನಿಮ್ಮ ಕೈ ಹಿಂಗ ನಡುಗತಾವ, ಇಷ್ಟು ಸಣ್ಣ ಬೆಸುಗಿ ಹ್ಯಾಂಗ ಹಾಕ್ತೀರಿ ಅಂತ ಕೇಳಿದ. ಅಬ್ಬಾ ಎದ್ದು ಪರದಾನೇ ತಗದ ಬಿಟ್ರು."

"ಅವತ್ತಿಂದ ನನಗ ಬರೇ ಚಹಾ ತರೂ ಕೆಲಸ," ಎನ್ನುತ್ತಾರೆ ನಿಜಾಮೋದ್ದೀನ.

ಈಗ ವಾರಕ್ಕೆ ಒಂಬತ್ತು, ಹತ್ತು ಯಂತ್ರ ಬರುತ್ತವೆ. ಇನ್ವರ್ಟರ್, ಮಸೀದಿ ಮಂದಿರದ ಆಂಪ್ಲಿಫೈಯರ್, ಕೋಚಿಂಗ್ ಕ್ಲಾಸಿನ ಪ್ರೊಜೆಕ್ಟರ್. ಗುರುವಾರ ಭಾಲ್ಕಿಗೆ ಹೋಗುತ್ತಾರೆ. ಸಾಯಗಾಂವ, ಭಾತಂಬ್ರಾ ಕಡೆಯವರು ತಮ್ಮ ಕೆಟ್ಟ ಸಾಮಾನು ಹಿಡಿದು ಅಲ್ಲಿಯ ಬಸ್ ನಿಲ್ದಾಣದಲ್ಲೇ ಕಾದಿರುತ್ತಾರೆ. ಸಣ್ಣಪುಟ್ಟ ರಿಪೇರಿ ಕಟ್ಟೆಯ ಮೇಲೆಯೇ ಮುಗಿಯುತ್ತದೆ.

ಪ್ಯಾನೆಲ್ ಮಾತ್ರ ಕಟ್ಟೆಯ ಮೇಲಿನ ಕೆಲಸವಲ್ಲ. ಮಾಸ್ತರರು ತಂದುಕೊಟ್ಟಾಗ ಅದಕ್ಕೆ ಎರಡು ರೋಗ. ಮೊದಲನೆಯದು ಕರೆಂಟಿನದು. ಹಚ್ಚಿದರೆ ಒಂದು ಸಲ ಮಿಣುಕಿ ಸುಮ್ಮನಾಗುತ್ತಿತ್ತು. ಮುಸರ್ರತ ಯಾವ ಯಂತ್ರವನ್ನೂ ನೇರವಾಗಿ ಲೈನಿಗೆ ಹಚ್ಚುವುದಿಲ್ಲ. ನಡುವೆ ಒಂದು ನೂರು ವ್ಯಾಟಿನ ಹಳೇ ಬಲ್ಬು ಜೋಡಿಸಿರುತ್ತಾರೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಭಗ್ಗನೆ ಹೊತ್ತಿಕೊಳ್ಳುತ್ತದೆ, ಯಂತ್ರ ಉಳಿಯುತ್ತದೆ. "ನಾಡಿ ಹಿಡದಾಂಗರಿ ಇದು." ಪ್ಯಾನೆಲ್ಲಿನ ಅಡಾಪ್ಟರ್ ಹಚ್ಚಿದಾಗ ಬಲ್ಬು ಮಂದವಾಗಿಯೇ ಇತ್ತು. ಅಂದರೆ ಶಾರ್ಟ್ ಇಲ್ಲ, ಶಕ್ತಿ ಇಲ್ಲ. ಬಿಚ್ಚಿದರೆ ಒಳಗೆ ಕರೆಂಟು ಕೂಡಿಟ್ಟು ಕೊಡುವ ಆರು ಕೆಪಾಸಿಟರುಗಳಲ್ಲಿ ನಾಲ್ಕು ತಲೆ ಉಬ್ಬಿಸಿ ಕೂತಿದ್ದವು. ಬದಲಿಸಿದರು.

ಎರಡನೆಯದು ಗೆರೆಗಳದು. ಗಾಜಿನ ಅಂಚಿಗೆ ಚಿತ್ರ ತಂದುಕೊಡುವ ತೆಳ್ಳನೆಯ ರಿಬ್ಬನ್ ಒಂದು ಕಡೆ ಎದ್ದಿತ್ತು. ಅದನ್ನು ಬೆಚ್ಚಗೆ ಮಾಡಿ, ಪೆನ್ಸಿಲ್ಲಿನ ಹಿಂದಿನ ರಬ್ಬರಿನಿಂದ ಕೂದಲೆಳೆಯಷ್ಟು ಒಂದೊಂದೇ ಜಾಗ ಒತ್ತಬೇಕು. ಹೆಚ್ಚು ಒತ್ತಿದರೆ ಗಾಜು ಚಟ್ಟೆನ್ನುತ್ತದೆ, ಬಿಸಿ ಹೆಚ್ಚಾದರೆ ಇದ್ದ ಗೆರೆಯೂ ಹೋಗುತ್ತದೆ. ಏಳು ಗೆರೆ ಬರಲು ಮೂರು ದಿನ ಹಿಡಿಯಿತು.

ಮೂರನೆಯ ದಿನ ಬೆಳಿಗ್ಗೆ ಎಳೆಬಿಸಿಲಿಗೆ ಹಿಡಿದರು. ಇದು ಅವರ ಯಾವತ್ತಿನ ಪದ್ಧತಿ. ಮನೆಯಲ್ಲಿ ಪ್ರೊಜೆಕ್ಟರ್ ಪೆಟ್ಟಿಗೆ ಇಲ್ಲ. ಹೊತ್ತು ಹುಟ್ಟಿ ಎದುರು ಮನೆಯ ಮಾಳಿಗೆ ದಾಟುವವರೆಗಿನ ಅರ್ಧ ತಾಸು ಬೆಳಕು ನೆಟ್ಟಗೆ ಒಳಗೆ ಬರುತ್ತದೆ. ಆ ಹೊತ್ತಿಗೆ ಪಂಪು, ವೆಲ್ಡಿಂಗ್ ಯಾವುದೂ ಶುರುವಾಗದೆ ಕರೆಂಟು ಕೂಡ ಸ್ಥಿರ, ಇನ್ನೂರಾ ಮೂವತ್ತು ವೋಲ್ಟಿನ ಮೇಲೆ. ಹೇನು ಆರೂ ಕಾಲಿನ ಮೇಲೆ ನಿಂತಿತು. ಆ ಖುಷಿಯಲ್ಲಿ ಮುಸರ್ರತ ತಮ್ಮ ಮನೆತನದ ರಿವಾಜು ಮುರಿದರು.

ಆ ರಿವಾಜು ಹೀಗೆ: ರಿಪೇರಿಯಾದ ಯಂತ್ರದ ಮುಚ್ಚಳದ ಒಳಗೆ ಪೆನ್ಸಿಲ್ಲಿನಲ್ಲಿ ಹೆಸರು, ತಾರೀಖು, ಊರು ಬರೆಯಬೇಕು. ಹೊರಗಿನವರಿಗೆ ಕಾಣುವುದಿಲ್ಲ, ಮುಂದೆ ಬಿಚ್ಚುವ ರಿಪೇರಿಯವರಿಗಷ್ಟೇ ಕಾಣುತ್ತದೆ. ಆದರೆ ಬರೆಯುವುದು ಯಂತ್ರ ತನ್ನ ಜಾಗದಲ್ಲಿ, ತನ್ನ ಕರೆಂಟಿನಲ್ಲಿ, ತನ್ನ ಮಂದಿಯ ಕೈಯಲ್ಲಿ ನಡೆದ ಮೇಲೆಯೇ. ಮುಸರ್ರತ ಅವತ್ತು ಮನೆಯಲ್ಲೇ ಬರೆದುಬಿಟ್ಟರು.

"ಹೊತ್ತು ಹುಟ್ಟಿದಾಗಿನ ಬಿಸಲ ಶರೀಫ ಬಿಸಲ. ಯಾರಿಗೂ ಏನೂ ಮಾಡಂಗಿಲ್ಲ," ಎಂದು ನಿಜಾಮೋದ್ದೀನ ಮಗಳನ್ನು ಕೆಣಕುತ್ತಾರೆ. "ಆ ಪೆಟ್ಟಿಗಿ ದೀಪ ಅಂದ್ರ ಮೇ ತಿಂಗಳ ಔರಾದ. ಇಕಿ ಆ ಶರೀಫ ಬಿಸಲಿಗಷ್ಟ ಕೇಳಿ ಸಹಿ ಮಾಡಿದಳು."

ಔರಾದಿನಲ್ಲಿ ಹಲಗೆ ಪೆಟ್ಟಿಗೆಯ ಮೇಲೆ ಕೂತಿತು. ಸುಶೀಲಕುಮಾರ ಮಾಸ್ತರರು ಹೇನಿನ ಚಿತ್ರ ಹಾಕಿ ಮಾತಿಗೆ ಶುರುವಿಟ್ಟರು. ಹೇನಿನಿಂದ ರಕ್ತಕ್ಕೆ, ರಕ್ತದಿಂದ ಹೃದಯಕ್ಕೆ ಹೋದರು. ಗೋಡೆಯ ಮೇಲೆ ಹೇನು ಹಾಗೇ ಇತ್ತು, ಕೆಳಗೆ ದೀಪ ಉರಿಯುತ್ತಲೇ ಇತ್ತು. ಹನ್ನೆರಡನೇ ನಿಮಿಷಕ್ಕೆ ನಡುವಿನಿಂದ ಕಪ್ಪು ಮೋಡ ಹರಡಿ ಹೇನನ್ನು ನುಂಗಿತು. ಕಸ್ತೂರಿಬಾಯಿ ಗಡಿಯಾರ ನೋಡಿ ಎದ್ದು ಹೋದರು.

"ಸುಟ್ಟಿದ್ದಿಲ್ಲರಿ," ಎಂದು ಮುಸರ್ರತ ವಿವರಿಸುತ್ತಾರೆ. "ಬಿಸಲಾಗ ತಲಿ ತಿರುಗಿ ಬಿದ್ದಾಂಗ. ಕಾವು ಹತ್ತಿದ್ರ ಈ ಗಾಜ ಕಪ್ಪಾಗ್ತದ, ತಂಪಾದ್ರ ಎದ್ದು ಕೂಡ್ತದ. ಬಸ್ಸಿನಾಗ ತೊಡಿ ಮ್ಯಾಲ ಇಟಗೊಂಡು ಬರೂದ್ರಾಗ ಎದ್ದು ಕೂತಿತ್ತು! ಆದ್ರ ಒಳಗ ನನ್ನ ಹೆಸರು ಇತ್ತಲ್ರಿ. ಸುಳ್ಳ ಹೆಸರು. ಮನಿಗಿ ಬಂದು ಮೊದಲ ರಬ್ಬರ ಹಚ್ಚಿ ಅಳಸಿದೆ."

ಆಮೇಲಿನ ಎರಡು ವಾರ ಕಾವಿನ ಬೆನ್ನು ಹತ್ತಿದರು. ಹಲಗೆಯೊಳಗಿನ ಬೆರಳುದ್ದದ ಫ್ಯಾನು ಧೂಳಿನಿಂದ ಗಟ್ಟಿಯಾಗಿತ್ತು. ತೊಳೆದು ಎಣ್ಣೆ ಬಿಟ್ಟರು. ತಾವೇ ಶಾಲೆಗೆ ಹೋಗಿ ಪೆಟ್ಟಿಗೆಯ ಫ್ಯಾನೂ ಬಿಚ್ಚಿ ನೋಡಿದರೆ ಅದರ ಜಾಳಿಗೆಗೆ ಸೀಮೆಸುಣ್ಣದ ಪುಡಿ ರೊಟ್ಟಿಯಂತೆ ಹತ್ತಿತ್ತು. ಕೊನೆಗೆ ತಂದೆಯ ಹಳೆಯ ಹವಾಯಿ ಚಪ್ಪಲಿಯ ಅಟ್ಟೆ ಕತ್ತರಿಸಿ, ಹಲಗೆಯ ನಾಲ್ಕು ಮೂಲೆಗೆ ನಾಲ್ಕು ತುಂಡು ಅಂಟಿಸಿದರು. ಹಲಗೆ ಪೆಟ್ಟಿಗೆಯಿಂದ ಬೆರಳ ದಪ್ಪ ಮೇಲೆದ್ದು ನಡುವೆ ಗಾಳಿಯಾಡಲು ಜಾಗವಾಯಿತು.

"ಚಪ್ಪಲಿ ಹೊಸಾವೇ ಇದ್ವು," ಎನ್ನುತ್ತಾರೆ ನಿಜಾಮೋದ್ದೀನ.

"ಹೊಸಾವೇನ ಅಬ್ಬಾ, ಉಂಗುಷ್ಠದ ಪಟ್ಟಿ ಹರದು ಪಿನ್ನ ಚುಚ್ಚಿದ್ರಿ!"

ಉಳಿದದ್ದು ಮಾಸ್ತರರ ನಾಲಿಗೆ. ಅದಕ್ಕೆ ಮುಸರ್ರತ ಫೋನಿನಲ್ಲೇ ಔಷಧ ಹೇಳಿದ್ದಾರೆ: ಚಿತ್ರ ತೋರಿಸಬೇಕು, ದೀಪ ಆರಿಸಬೇಕು, ಆಮೇಲೆ ಮಾತಾಡಬೇಕು. ದೀಪ ಆರಿದರೂ ಪೆಟ್ಟಿಗೆಯ ಫ್ಯಾನು ತಿರುಗುತ್ತಿರುತ್ತದೆ, ಹಲಗೆ ತಣ್ಣಗಾಗುತ್ತದೆ.

ಹನ್ನೆರಡಕ್ಕೆ ಐದು ನಿಮಿಷ. ಔರಾದಿನ ಕತ್ತಲ ಖೋಲಿಯಲ್ಲಿ ಎಂಟನೇ ತರಗತಿಯ ಮೂವತ್ತೊಂದು ಮಕ್ಕಳು. ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕಸ್ತೂರಿಬಾಯಿ.

"ಏನವಾ ಮುಸರ್ರತ, ಇವತ್ತ ಎಷ್ಟ ನಿಮಿಷದ್ದು?"

"ನಿಮ್ಮ ಗಂಟಿ ಬಾರಿಸೂತನಕ ಮೇಡಂ."

"ನನ್ನ ಅಕ್ಕಿಗೆ ಇಲಿ ಹಲ್ಲು ಹತ್ಯಾವ, ನೆನಪಿರ್ಲಿ."

ದೀಪ ಹತ್ತುತ್ತದೆ. ಗೋಡೆಯ ಮೇಲೆ ಎಮ್ಮೆಯಷ್ಟು ದೊಡ್ಡ ಹೇನು. ಮಕ್ಕಳು ಹೋ ಎನ್ನುತ್ತಾರೆ, ಅರ್ಧಕ್ಕರ್ಧ ಮಂದಿ ತಲೆ ಕೆರೆದುಕೊಳ್ಳುತ್ತಾರೆ. ಸುಶೀಲಕುಮಾರ ದೀಪ ಆರಿಸುತ್ತಾರೆ. ಖೋಲಿ ಕಗ್ಗತ್ತಲು.

"ಈಗ ಹೇಳ್ರಿ, ಏನೇನು ನೋಡಿದ್ರಿ?"

ಕತ್ತಲಲ್ಲಿ ಒಂದು ಸಣ್ಣ ದನಿ: "ಆರ ಕಾಲ ಅವ ಸರ್." ಇನ್ನೊಂದು: "ಕಾಲಿಗಿ ಉಗುರ ಅದ, ಕೊಕ್ಕಿ ಇದ್ದಾಂಗ." ಹಿಂದಿನಿಂದ: "ಅದಕ್ಕ ಕೂದಲಾ ಬಿಡಂಗಿಲ್ಲ ಅದು!" "ಸರ್, ಅದು ಮನಿಷಾನ ತಲ್ಯಾಗಿಂದು ಸರ್!" "ನಿಂದೇ ಇರಬೇಕ, ರೊಕ್ಕಾ ಕೊಟ್ಟು ಫೋಟೊ ತಗಸಿದಿ!" ಎಂದು ಮನಿಷಾ ತಿರುಗಿ ಕೊಡುತ್ತಾಳೆ. ಮುಖ ಕಾಣದ ಕತ್ತಲಲ್ಲಿ ಯಾರಿಗೂ ನಾಚಿಕೆ ಇಲ್ಲ. ಯಾವತ್ತೂ ಬಾಯಿ ಬಿಡದವರೂ ಮಾತಾಡುತ್ತಿದ್ದಾರೆ ಎಂಬುದು ಕಸ್ತೂರಿಬಾಯಿ ಮುಂದಕ್ಕೆ ಬಾಗಿ ಅವರ ಕುರ್ಚಿ ಕಿರ್ರೆಂದದ್ದರಿಂದಲೇ ತಿಳಿಯುತ್ತದೆ.

ಹನ್ನೆರಡನೇ ನಿಮಿಷ ದಾಟುತ್ತದೆ. ಇರುವೆ ಬಂದು ಹೋಗುತ್ತದೆ. ಸೊಳ್ಳೆಯ ಹೊತ್ತಿಗೆ ಮಾಸ್ತರರಿಗೆ ಮಾತಿನ ಉಮೇದು ಏರುತ್ತದೆ. ಸೊಳ್ಳೆಯಿಂದ ಮಲೇರಿಯಾಕ್ಕೆ, ಮಲೇರಿಯಾದಿಂದ ಊರ ಗಟಾರಕ್ಕೆ. ದೀಪ ಉರಿಯುತ್ತಲೇ ಇದೆ. ಸೊಳ್ಳೆಯ ರೆಕ್ಕೆಯ ನಡುವೆ ಒಂದು ಕಪ್ಪು ಮಚ್ಚೆ ಮೂಡಿ ನಿಧಾನಕ್ಕೆ ಅಗಲವಾಗುತ್ತದೆ.

"ಮಾಸ್ತರ, ದೀಪ!" ಮುಸರ್ರತ ಗೋಡೆಗೊರಗಿ ನಿಂತಲ್ಲಿಂದಲೇ ಕೂಗುತ್ತಾರೆ. ಮೂವತ್ತೊಂದು ಬಾಯಿ ಅದನ್ನೇ ಹಿಡಿದುಕೊಳ್ಳುತ್ತವೆ: "ಸರ್, ದೀಪ! ದೀಪ!"

ದೀಪ ಆರುತ್ತದೆ. ಕತ್ತಲಲ್ಲಿ ಫ್ಯಾನಿನ ಗುಂಯ್ ಒಂದೇ ಕೇಳುತ್ತದೆ. "ಎರಡ ನಿಮಿಷ ಸೊಳ್ಳಿ ಬಗ್ಗೆ ಅವರೇ ಮಾತಾಡ್ಲಿ, ನೀವು ಸುಮ್ಮನಿರ್ರಿ," ಎನ್ನುತ್ತದೆ ಮುಸರ್ರತ ಅವರ ದನಿ. ಮತ್ತೆ ದೀಪ ಹತ್ತಿದಾಗ ಸೊಳ್ಳೆಯ ರೆಕ್ಕೆ ತೊಳೆದಿಟ್ಟಂತೆ ಸ್ವಚ್ಛ. ಮೂವತ್ತೊಂದನೇ ನಿಮಿಷಕ್ಕೆ ಹತ್ತಿರದ ಯಾವುದೋ ಪಂಪು ಶುರುವಾಗಿ ವೋಲ್ಟೇಜು ಕುಸಿಯುತ್ತದೆ, ಚಿತ್ರ ಒಮ್ಮೆ ಅದುರುತ್ತದೆ. ಹೊಸ ಕೆಪಾಸಿಟರುಗಳು ತಡೆದುಕೊಳ್ಳುತ್ತವೆ.

ಗಂಟೆ ಬಾರಿಸುತ್ತದೆ. ಕೊನೆಗೆ ಮತ್ತೊಮ್ಮೆ ಹಾಕಿದ ಹೇನು ಗೋಡೆಯ ಮೇಲೆ ಇನ್ನೂ ನಿಂತಿದೆ. ಊಟದ ಗಂಟೆ ಅದು, ಆದರೂ ಒಬ್ಬರೂ ಏಳುವುದಿಲ್ಲ.

"ಏಳ್ರಿ, ಅನ್ನ ಆರತದ," ಎಂದು ಕಸ್ತೂರಿಬಾಯಿಯೇ ಎಬ್ಬಿಸಬೇಕಾಗುತ್ತದೆ. ಆಮೇಲೆ ಸೆರಗಿನ ಗಂಟಿನಿಂದ ಖೋಲಿಯ ಕೀಲಿ ಬಿಚ್ಚಿ ಸುಶೀಲಕುಮಾರರ ಕೈಗೆ ಹಾಕುತ್ತಾರೆ. "ಅಕ್ಕಿ ನನ್ನ ಆಫೀಸಿನಾಗ ಇಡಸ್ರಿ, ಕುರ್ಚಿ ಹಿಂದ. ಇಲಿ ಬಂದ್ರ ನಾನೇ ನೋಡಕೋತೇನಿ." ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಲ್ಲುತ್ತಾರೆ. "ಆ ಸೊಳ್ಳಿ ನನಗೂ ಪೂರಾ ನೋಡೂದಿತ್ತು. ಮಾಸ್ತರರ, ನಿಮ್ಮ ಗಟಾರದಾಗ ಅರ್ಧ ಹೋತು."

ಎಲ್ಲರೂ ಊಟಕ್ಕೆ ಹೋದಮೇಲೆ ಮುಸರ್ರತ ಬ್ಯಾಗಿನಿಂದ ಸ್ಕ್ರೂಡ್ರೈವರ್ ತೆಗೆಯುತ್ತಾರೆ. ಹಲಗೆಯ ಹಿಂದಿನ ಮುಚ್ಚಳದ ಇಪ್ಪತ್ತೆರಡು ಸ್ಕ್ರೂ ಒಂದೊಂದಾಗಿ ಬಿಚ್ಚಿ ತಟ್ಟೆಯಲ್ಲಿಡುತ್ತಾರೆ. ಮುಚ್ಚಳದ ಒಳಗೆ ರಬ್ಬರು ಉಜ್ಜಿದ ಬೂದು ಕಲೆ ಇದೆ. ಅಲ್ಲಿ ಹೋದ ಸಲದ ತಾರೀಖು ಇತ್ತು. ಒದ್ದೆ ಬಟ್ಟೆ ಹಚ್ಚಿದರೆ ಅದೂ ಹೋಗುತ್ತದಲ್ಲ ಎಂದು ನಾವು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ.

"ಇರ್ಲಿ ಬಿಡ್ರಿ. ಮುಂದ ಇದನ್ನ ಬಿಚ್ಚಾವರಿಗೆ ಎರಡೂ ಕಾಣಬೇಕು. ಇಕಿ ಒಮ್ಮೆ ತಪ್ಪಿದಳು, ಆಮ್ಯಾಲ ಸರಿ ಮಾಡಿದಳು ಅಂತ ತಿಳೀಬೇಕು. ನಂದು ಅಷ್ಟೇ ಆಸೆ."

ಪೆನ್ಸಿಲ್ಲಿನ ತುದಿಯನ್ನು ನಾಲಿಗೆಗೆ ತಾಗಿಸಿ, ಕಲೆಯ ಪಕ್ಕದಲ್ಲಿ ಹೆಸರು ಬರೆಯುತ್ತಾರೆ. ಇವತ್ತಿನ ತಾರೀಖು ಹಾಕುತ್ತಾರೆ. ಅದರ ಕೆಳಗೆ, ಊರಿನ ಹೆಸರು ಬರೆಯುವ ಜಾಗದಲ್ಲಿ, ಬೀದರ ಅಲ್ಲ, ಔರಾದ ಎಂದು ಬರೆಯುತ್ತಾರೆ.