ಹೆಸರು ಬೇಡವೆಂದ ಮೇಷ್ಟ್ರು

ಹೊಳಲ್ಕೆರೆಯ ನಮ್ಮ ಕಂಪ್ಯೂಟರ್ ಮೇಷ್ಟ್ರು ತಾವೇ ಒಂದು ಪ್ರೋಗ್ರಾಮಿಂಗ್ ಭಾಷೆ ಕಟ್ಟುತ್ತಿದ್ದರು. ಅದರಲ್ಲಿ ಕ್ಲಾಸ್ ಎಂದರೆ ತರಗತಿಯಲ್ಲ, ಒಂದೇ ಬಗೆಯ ವಸ್ತುಗಳನ್ನು ತಯಾರಿಸುವ ಒಂದು ಅಚ್ಚು. ಪ್ರತಿ ಅಚ್ಚಿಗೂ ಹೆಸರಿಡಲೇಬೇಕಿತ್ತು. ಒಮ್ಮೆ ಮಾತ್ರ ಬಳಸುವ ಕ್ಲಾಸಿಗೆ ಹೆಸರೇ ಬೇಡವೆಂದು ಅವರು ಒಂದು ದಿನ ನಿಯಮ ಬದಲಿಸಿದರು.

"ತಪ್ಪು ಬಂದ್ರೆ ಯಾವ ಕ್ಲಾಸಲ್ಲಿ ಅಂತ ಹೆಂಗೆ ಗೊತ್ತಾಗ್ತೈತೆ ಸರ್?" ಎಂದೆ.

ಅವರು ಎಂದಿನಂತೆ ಕನ್ನಡಕವನ್ನು ಹಣೆಗೇರಿಸಿದರು. "ಹೆಸರ್ಯಾಕಪ್ಪ, ಕೆಲಸ ನಡೀತೈತಲ್ಲ. ನನ್ನ ಹೆಂಡ್ತಿ ಇವತ್ತಿನವರೆಗೂ ನನ್ನ ಹೆಸರು ಹೇಳಿಲ್ಲ. ಸಂಸಾರ ನಿಂತೈತಾ?"

ಆ ಶನಿವಾರ ಪಕ್ಕದ ರಾಮಗಿರಿ ಸ್ಟೇಷನ್ನಿನಲ್ಲಿ ಅವರು ಹೋಗಬೇಕಿದ್ದ ರೈಲನ್ನೇ ನಾನೂ ಹತ್ತಿದ್ದೆ. ಮೊದಲೇ ಹತ್ತಿದ್ದ ಅವರ ಹೆಂಡತಿ ರೈಲಿನ ಬಾಗಿಲಲ್ಲಿ ನಿಂತು, "ರೀ, ಬರ್ರಿ" ಎಂದು ಕೂಗಿದರು. ಪ್ಲಾಟ್‌ಫಾರ್ಮಿನ ಐದು ಗಂಡಸರು ತಿರುಗಿದರು; ಒಬ್ಬರು ಚೀಲ ಸಮೇತ ಹತ್ತಿಯೇಬಿಟ್ಟರು. ಲ್ಯಾಪ್‌ಟಾಪಿನಲ್ಲಿ ಮುಳುಗಿದ್ದ ಮೇಷ್ಟ್ರು ಮಾತ್ರ ಅಲ್ಲೇ ಉಳಿದರು.

ಸೋಮವಾರ ಅವರ ಭಾಷೆಗೆ ಇನ್ನೊಂದು ನಿಯಮ ಸೇರಿತು. ಹೆಸರಿಲ್ಲದ ಕ್ಲಾಸಿನಲ್ಲಿ ತಪ್ಪು ಬಂದರೆ ಅದು ಪ್ರೋಗ್ರಾಮಿನ ಎಷ್ಟನೇ ಸಾಲಿನಲ್ಲಿದೆಯೆಂದು ತೋರಿಸಬೇಕು.

"ಹೆಸರು ಬೇಡ ಬಿಡಪ್ಪ. ಎಲ್ಲೈತೆ ಅಂತ ಹೇಳಿದ್ರೆ ಸಾಕು. ಮನೇಲೂ ಹೇಳಿಕೊಟ್ಟೀನಿ."

ಮುಂದಿನ ಶನಿವಾರ ಅವರ ಹೆಂಡತಿ ರೈಲಿನಿಂದ, "ರೀ, ಮೂರನೇ ಕಂಬದ ಹತ್ರ ನಿಂತಿರೋರೇ, ಹತ್ತ್ರಿ" ಎಂದು ಕೂಗಿದರು.

ಮೇಷ್ಟ್ರು ತಲೆ ಎತ್ತಿದರು. ಕನ್ನಡಕವನ್ನು ಹಣೆಗೇರಿಸಿ, "ಯಾವ ಕಡೆಯಿಂದ ಎಣಿಸಿದ್ದು?" ಎಂದು ಕೇಳಿ, ಕಂಬಗಳನ್ನು ಎಣಿಸತೊಡಗಿದರು.

ರೈಲು ಹೊರಟಿತು.